ಇರುವೆ ಪ್ಯಾಟೆಗೆ ಡೈನಮೋ ದೊರೆ ಬಂದ

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಹೋಗಿ. ನಗೋ ಕತೆ ಅಂತಾನೇ ಶುರು ಮಾಡ್ತೀನಿ. ಮಧ್ಯದಲ್ಲಿ ನಾನೇ ನಗೋದು ಬಿಟ್ರೆ ಯಾರೂ ಏನೂ ಅನ್ಕೋಬೇಡಿ.

ಕಾಳಮ್ಮ ಅಂತ ಒಬ್ಳು ತಾಯಿ. ಅವಳಿಗೊಬ್ಬ ಮಗ, ಪುಟ್ಟಾಚಾರಿ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಎಲ್ಲೋ ದಾರೀಲೇ ಕೂತ್ಬಿಟ್ಟಿತ್ತು. ಹೇಳಿದ್ದು ಮಾಡ್ತಿದ್ದ. ಹೇಳಿದ್ದಷ್ಟೇ ಮಾಡ್ತಿದ್ದ. "ಒಂದ್ನಿಮಿಷ ಈ ಸೌಟು ಹಿಡ್ಕೊಳ್ಳೋ" ಅಂದ್ರೆ ಹಿಡ್ಕೊಂಡು ನಿಂತ್ಕೊಳೋನು. ಸಾರು ಉಕ್ಕಲಿ, ಸೀಯಲಿ, ಹೊಗೆ ಮನೆಯೆಲ್ಲ ತುಂಬಲಿ, ಸೌಟು ಮಾತ್ರ ಬಿಡ್ತಿರಲಿಲ್ಲ. "ಅಯ್ಯೋ ನನ್ನ ಕರ್ಮವೇ! ಇವನನ್ನ ಯಾರ ಕೈಗೆ ಕೊಟ್ಟು ಹೋಗ್ಲಿ!" ಅಂತ ಕಾಳಮ್ಮ ಹಣೆ ಚಚ್ಕೊಳೋಳು.

ಇವರಿಬ್ರೂ ಕೆಲಸ ಮಾಡ್ತಿದ್ದದ್ದು ಹೆದ್ದಾರಿ ಪಕ್ಕದ ಚಿಲಿಪಿಲಿ ಪಾರ್ಕಲ್ಲಿ. ನಾನೂ ಅಲ್ಲೇ. ಮಕ್ಕಳ ರೈಲು ಓಡಿಸ್ತಿದ್ದೆ. ಪುಟ್ಟಾಚಾರಿ ನನ್ನ ಮಾವ ಅನ್ನೋನು, ಕಾಳಮ್ಮ ಅಣ್ಣ ಅನ್ನೋಳು.

ಆ ಪಾರ್ಕಲ್ಲಿ ಇರುವೆ ಪ್ಯಾಟೆ ಅಂತ ಒಂದಿತ್ತು. ಕಾಳಮ್ಮನ ಗಂಡ ಮುದ್ದಾಚಾರಿ ಸಿಮೆಂಟಲ್ಲಿ ಮಾಡಿದ್ದು. ಒಂದೊಂದು ಇರುವೆ ಆಳೆತ್ತರ! ಉಪ್ಪು ತೂಗೋ ಇರುವೆ, ಕ್ಷೌರ ಮಾಡೋ ಇರುವೆ, ಕೋಲು ಹಿಡಿದ ಮೇಷ್ಟ್ರು ಇರುವೆ, ಬಾಸಿಂಗ ಕಟ್ಕೊಂಡ ಮದುವೆ ಗಂಡು ಇರುವೆ. ಯಾವ ಪುಸ್ತಕದಲ್ಲೂ ಇರಲಿಲ್ಲ, ಯಾವ ಸಿನಿಮಾದಲ್ಲೂ ಇರಲಿಲ್ಲ, ಆ ಪುಣ್ಯಾತ್ಮನ ತಲೇಲಿ ಮಾತ್ರ ಇತ್ತು. ಕೊನೇಗೆ ಮಾಡಿದ್ದು ಎಲೆಅಡಿಕೆ ಜಗಿಯೋ ಅಜ್ಜಿ ಇರುವೆ. ಅದರ ಕೆನ್ನೇನ ಗಾರೆ ಕರಣೇಲಿ ತೀಡಲಿಲ್ಲ, ಹೆಬ್ಬೆರಳಲ್ಲಿ ತೀಡಿದ. ಬೆರಳಿನ ಗುರುತು ಹಂಗೇ ಉಳೀತು. ಅದಾಗಿ ತಿಂಗಳಿಗೆ ಮುದ್ದಾಚಾರಿ ತೀರ್ಕೊಂಡ. ಕಾಳಮ್ಮ ದಿನಾ ಬೆಳಗ್ಗೆ ಇರುವೆಗಳ ಧೂಳು ಹೊಡೆಯೋಳು, ಅಜ್ಜಿ ಇರುವೆ ಹತ್ರ ಬಂದಾಗ ಆ ಗುರುತಿನೊಳಗೆ ತನ್ನ ಹೆಬ್ಬೆರಳಿಟ್ಟು ಒಂದು ಗಳಿಗೆ ನಿಲ್ಲೋಳು. ನಾನು ರೈಲು ನಿಧಾನ ಮಾಡ್ತಿದ್ದೆ.

ಹಿಂಗಿರುವಾಗ ಆ ವರ್ಷ ಒಂದು ಸಿನಿಮಾ ಬಂತು, ಡೈನಮೋ ದೊರೆ ಅಂತ. ಕಪ್ಪು ಕನ್ನಡಕ, ಹುರಿ ಮೀಸೆ, ಹೆಗಲ ಮೇಲೆ ಸುತ್ತಿಗೆ. ಮಕ್ಕಳ ಬಾಯಲ್ಲೆಲ್ಲ ದೊರೆ, ದೊರೆ, ದೊರೆ! ಪಾರ್ಕಿನ ಓನರ್ ನಾಗಭೂಷಣಪ್ಪನೋರು ನಮ್ಮನ್ನೆಲ್ಲ ಕರೆದ್ರು.

"ಇರುವೆ ನೋಡೋಕೆ ಯಾರು ಬರ್ತಾರ್ರೀ ಈಗ? ಇರುವೆ ಪ್ಯಾಟೇಲಿ ದೊರೆನ ನಿಲ್ಲಿಸೋಣ. ಸಿನಿಮಾದೋರು ಒಪ್ಪಿದಾರೆ."

ಕಾಳಮ್ಮ ಸೆರಗು ಹಿಡ್ಕೊಂಡು ಮುಂದೆ ಹೋದ್ಲು. "ಸ್ವಾಮಿ, ನಮ್ಮ ಯಜಮಾನ್ರ ಇರುವೆಗಳು?"

"ಇರ್ಲಮ್ಮ, ಬೇಡ ಅಂದೋರ್ಯಾರು? ದೊರೆ ಒಂದು ಮೂಲೇಲಿ ನಿಲ್ತಾನೆ. ನಿಮ್ಮ ಇರುವೆ ನಿಮ್ಮ ಪಾಡಿಗೆ."

ದೊರೆ ಲಾರೀಲಿ ಬಂದ. ಫೈಬರ್ ಬೊಂಬೆ. ದಾರಿ ಧೂಳೆಲ್ಲ ಮೈಮೇಲೆ. ಓನರು ಅಂದ್ರು, "ಪುಟ್ಟಾಚಾರಿ, ಇರುವೆಗಳನ್ನ ಹೆಂಗೆ ತೊಳೀತೀಯೋ, ಇವನನ್ನೂ ಹಂಗೇ ತೊಳೆದು ನಿಲ್ಲಿಸು."

ಇರುವೆಗಳನ್ನ ತೊಳೀತಿದ್ದದ್ದು ಹೆಂಗೆ? ತೆಂಗಿನ ನಾರು, ಇಟ್ಟಿಗೆ ಪುಡಿ! ಹಾಕಿ ತಿಕ್ಕಿದ, ತಿಕ್ಕಿದ, ತಿಕ್ಕಿದ. ಕನ್ನಡಕ ಹೋಯ್ತು. ಹುಬ್ಬು ಹೋಯ್ತು. ಮೀಸೆ ಹೋಯ್ತು. ಕುಂಬಳಕಾಯಿ ಥರ ನುಣ್ಣಗೆ ಒಂದು ಮುಖ ಉಳೀತು.

"ದೊರೆ ಎಲ್ಲೋ?" ಅಂತ ಓನರು ಕೂಗಿದ್ರು.

"ತೊಳೆದೆ ಸಾರ್. ಹೋದ."

ಸಿನಿಮಾದೋರು ರೇಗಿದ್ರು. ಇನ್ನೂ ದೊಡ್ಡ ದೊರೆನ ಕಳಿಸ್ತೀವಿ, ಜಾಗ ದೊಡ್ಡದು ಮಾಡಿ ಅಂದ್ರು. ಉಪ್ಪಿನ ಇರುವೇನೂ ಕ್ಷೌರದ ಇರುವೇನೂ ಕಿತ್ತು ಶೆಡ್ಡಿನ ಹಿಂದೆ ಎಸೆದ್ರು. ನಾವು ದೊರೆ ಮುಖ ನೆನೆಸ್ಕೊಂಡು ನಕ್ಕಿದ್ದೇ ನಕ್ಕಿದ್ದು. ಕಾಳಮ್ಮ ನಗಲಿಲ್ಲ.

"ಥೂ ಪೆದ್ದು ಮುಂಡೇದೇ! ಬೊಂಬೆ ಮುಖ ಅಳಿಸ್ತಾರೇನೋ? ಮುಖದಲ್ಲಿ ಮೀಸೆ ಇಲ್ದಿದ್ರೆ ಕಪ್ಪು ಬಣ್ಣ ತಗೊಂಡು ದಪ್ಪಗೆ ಮೀಸೆ ಬರೀಬೇಕು!"

"ಹೂಂ ಕಣಮ್ಮ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ದೊಡ್ಡ ದೊರೆ ಬಂದ, ನಿಂತ. ಅವನಿಗೆ ಮೀಸೆ ಇತ್ತು, ಪುಟ್ಟಾಚಾರಿ ಮುಟ್ಟಲಿಲ್ಲ. ಮಾರನೇ ವಾರ ಆ ಸಿನಿಮಾದ ನಾಯಕಿ ಬೊಂಬೆ ಬಂತು. ಕೆಂಪು ಲಂಗ, ಉದ್ದ ಜಡೆ, ಗುಲಾಬಿ ಕೆನ್ನೆ. ಪುಟ್ಟಾಚಾರಿ ಮುಂದೆ ನೋಡಿದ, ಪಕ್ಕದಿಂದ ನೋಡಿದ. ಮೀಸೆ ಇಲ್ಲ! ಓಡಿಹೋಗಿ ಡಬ್ಬ ತಂದ. ಬ್ರಶ್ ಅದ್ದಿದ. ಎಳೆದ. ಆ ಕಡೆ ಒಂದು ಸುರುಳಿ, ಈ ಕಡೆ ಒಂದು ಸುರುಳಿ.

ಭಾನುವಾರ ಸಿನಿಮಾದೋರು ಬಂದ್ರು, ಹಾರ ತುರಾಯಿ ಆಯ್ತು, ಪರದೆ ಸರಿಸಿದ್ರು. ಮಕ್ಕಳು ಕೇಕೆ ಹಾಕಿ ನಕ್ಕವು. ಸಿನಿಮಾದೋರ ಮುಖ ಕಪ್ಪಿಟ್ಟಿತು.

"ಯಾವನೋ ಇದು ಮಾಡಿದ್ದು!"

"ನಾನೇ ಸಾರ್! ದಪ್ಪಗೆ ಬಂದೈತಾ?"

ಅವರ ಸಿಟ್ಟಿಗೆ ಅವತ್ತು ಮೇಷ್ಟ್ರು ಇರುವೆ ಹೋಯ್ತು, ಮದುವೆ ಗಂಡು ಹೋದ, ಅರ್ಧ ಪ್ಯಾಟೆ ಖಾಲಿ. ನಿಜ ಹೇಳ್ತೀನಿ ಕೇಳಿ, ನಂಗೆ ಬೇಜಾರಾಗಲಿಲ್ಲ. ದೊರೆ ಬಂದ್ಮೇಲೆ ನನ್ನ ರೈಲಲ್ಲಿ ಸೀಟು ಸಿಗ್ತಿರಲಿಲ್ಲ. ಮಕ್ಕಳು "ದೊರೆ! ದೊರೆ!" ಅಂತ ಕೂಗಿದ್ರೆ ನಾನೂ ಹಿಗ್ಗಿ ಸೀಟಿ ಊದ್ತಿದ್ದೆ. ಅಜ್ಜಿ ಇರುವೆ ಮುಂದೆ ನಿಧಾನ ಮಾಡೋದು ಯಾವತ್ತು ಬಿಟ್ಟೆನೋ, ನಂಗೇ ಗೊತ್ತಾಗಲಿಲ್ಲ.

"ಅಯ್ಯೋ ಬೆಪ್ಪೇ! ಹೆಣ್ಣು ಕಣೋ ಅದು! ಬಂದೋಳಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಸೀರೆ ಉಡಿಸಿ, ಮಡಿಲಕ್ಕಿ ತುಂಬಿ ಒಳಗೆ ಕರೀಬೇಕು! ಮೀಸೆ ಬರೀತಾರೇನೋ?" ಅಂತ ಕಾಳಮ್ಮ ಬೈದ್ಲು.

"ಹೂಂ ಕಣಮ್ಮ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಆಮೇಲೆ ಬಂದೋನು ಬೊಂಬೆ ಅಲ್ಲ. ದೊರೆ ವೇಷದೋನು. ದಪ್ಪ ಬಟ್ಟೆ ಮೈ, ಗುಡಾಣದಂಥ ತಲೆ, ಒಳಗೆ ಪಟ್ಟಣದ ಒಬ್ಬ ಹುಡುಗ. ಮಕ್ಕಳ ಮುಂದೆ ಕುಣಿಯೋಕೆ ಬಂದಿದ್ದ. ಗೇಟು ದಾಟಿದ್ದೇ ತಡ, ಪುಟ್ಟಾಚಾರಿ ಹಿಡ್ಕೊಂಡ! ಮುಖಕ್ಕೆ ಅರಿಶಿನ ಬಳಿದ. ಹಣೆಗೆ ಅಂಗೈಯಗಲ ಕುಂಕುಮ ಮೆತ್ತಿದ. ಅಮ್ಮನ ಸೀರೆ ತಂದು ಕೈಕಾಲು ಸೇರಿಸಿ ಬಿಗಿಯಾಗಿ ಸುತ್ತಿದ, ಸೆರಗಿಗೆ ಎರಡು ಸೇರು ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು ಕಟ್ಟಿದ. ಒಳಗಿನ ಹುಡುಗ ಕಿರುಚ್ತಾವ್ನೆ, ಹೊರಗೆ ಗುಂಯ್ ಅಂತ ಕೇಳಿಸ್ತೈತೆ.

"ನಾಚ್ಕೋಬೇಡಮ್ಮ! ನಮ್ಮನೇನೇ ಅನ್ಕೋ!"

ಸುಡುಸುಡು ಬಿಸಿಲು. ಹುಡುಗ ದೊಪ್ಪಂತ ಬಿದ್ದ. ನಾನು ಓಡಿ ಬಂದು ಆ ತಲೆ ಕಿತ್ತೆಸೆದೆ. ಬೆವರಲ್ಲಿ ಮುಳುಗಿದ್ದ, ಕಣ್ಣು ಮೇಲಕ್ಕೆ ಹೋಗಿತ್ತು. ಎರಡು ಚೆಂಬು ನೀರು ಕುಡಿಸಿದ್ಮೇಲೆ ಎದ್ದು ಕೂತ. ಸದ್ಯ, ಬದುಕಿದ.

ಓನರ್ ಬಂದು ಒಂದೇ ಮಾತು ಹೇಳಿದ್ರು. "ಸಾಕು. ಸೋಮವಾರ ಬುಲ್ಡೋಜರ್ ಬರುತ್ತೆ. ಒಂದಿರುವೇನೂ ಉಳಿಯಲ್ಲ. ಎಲ್ಲಾ ಕಡೆ ದೊರೆ ತಲೇನೇ ಇಡ್ತೀನಿ."

ಕಾಳಮ್ಮ ಬೈಯೋಕೂ ತ್ರಾಣ ಇಲ್ದೆ ಮೆಟ್ಟಿಲ ಮೇಲೆ ಕೂತ್ಬಿಟ್ಲು. ಯಾರೂ ಬೈಯದೆ ಪುಟ್ಟಾಚಾರಿ ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಆಗ ನಾನು, ದೊಡ್ಡ ಮನುಷ್ಯ, ಮುಂದೆ ಹೋದೆ. ಯಾರು ಕೇಳಿದ್ರು ನನ್ನ?

"ನೋಡೋ ಪುಟ್ಟಾಚಾರಿ, ಸರಿಯಾಗಿ ಕೇಳ್ಕೋ. ಬೊಂಬೆ ಒಳಗೆ ಮನುಷ್ಯ ಅವ್ನೆ ಅಂತ ಗೊತ್ತಾದ್ರೆ ಸೀರೆ ಉಡಿಸೋದಲ್ಲ. ಮೊದಲು ತಲೆ ತೆಗೀಬೇಕು. ಆಮೇಲೆ ನೀರು ಕುಡಿಸಬೇಕು. ತಿಳೀತಾ?"

"ಹೂಂ ಮಾವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಸೋಮವಾರ ಬೆಳಗ್ಗೆ ಕಾಳಮ್ಮ ಓನರ್ ಮುಂದೆ ಕೈಮುಗಿದು ನಿಂತ್ಲು. "ಪ್ಯಾಟೆ ಹೋಗ್ಲಿ ಸ್ವಾಮಿ. ಅಜ್ಜಿ ಇರುವೆ ಒಂದನ್ನ ನಂಗೆ ಕೊಟ್ಬಿಡಿ. ಅಂಗಳದಲ್ಲಿ ಇಟ್ಕೋತೀನಿ."

ಓನರು ಕೆಟ್ಟೋರಲ್ಲ. "ತಗೊಂಡು ಹೋಗಮ್ಮ. ಮಧ್ಯಾಹ್ನದೊಳಗೆ ಸಾಗಿಸ್ಬಿಡು" ಅಂದ್ರು. ಆಳುಗಳನ್ನೂ ಕೊಟ್ರು. ನಾಲ್ಕು ಜನ ಸೇರಿ ಅಜ್ಜಿ ಇರುವೇನ ಹುಷಾರಾಗಿ ಬುಡದಿಂದ ಬಿಡಿಸಿ ದಾರಿ ಪಕ್ಕಕ್ಕೆ ತಂದಿಟ್ರು. ಒಂದು ಚೂರೂ ಮುಕ್ಕಾಗಲಿಲ್ಲ.

ಕಾಳಮ್ಮನ ಮುಖದಲ್ಲಿ ತಿಂಗಳಾದ್ಮೇಲೆ ಕಳೆ ಬಂತು. ಗೂಡ್ಸ್ ಆಟೋ ಕರೆಯೋಕೆ ಹೊರಟ್ಲು. ಹೋಗೋ ಮುಂಚೆ ಮಗನ ಎರಡೂ ಕೈ ಹಿಡ್ಕೊಂಡ್ಲು.

"ಇದನ್ನ ಬಿಟ್ಟು ಕದಲಬೇಡ ಮಗಾ. ಇದು ಬರೀ ಸಿಮೆಂಟಲ್ಲ ಕಣೋ. ಇದರೊಳಗೆ ನಿಮ್ಮಪ್ಪ ಅವ್ರೆ."

ನಾನು ಅಲ್ಲೇ ರೈಲಿಗೆ ಎಣ್ಣೆ ಬಿಡ್ತಿದ್ದೆ. ಕಿವಿಯಾರೆ ಕೇಳಿಸ್ಕೊಂಡೆ. ಆದ್ರೂ ಹೊಳೀಲಿಲ್ಲ ನೋಡಿ! ಎಣ್ಣೆ ಕೈ ಒರೆಸ್ಕೊಂಡು ಟೀ ಕುಡಿಯೋಕೆ ಹೋದೆ.

ಟೀ ಅರ್ಧ ಆಗಿತ್ತು. ಠಣ್! ಠಣ್! ಠಣ್! ಅಂತ ಕೇಳಿಸ್ತು. ಲೋಟ ಅಲ್ಲೇ ಬಿಟ್ಟು ಓಡಿದೆ.

ಅಜ್ಜಿ ಇರುವೆ ನಿಂತಿತ್ತು. ತಲೆ ಇರಲಿಲ್ಲ. ತಲೆ ಕೆಳಗೆ ಚೂರುಚೂರಾಗಿ ಬಿದ್ದಿತ್ತು. ಪುಟ್ಟಾಚಾರಿ ಸುತ್ತಿಗೆ ಬದಿಗಿಟ್ಟು, ಕತ್ತಿನ ಮೇಲೆ ಚೆಂಬಲ್ಲಿ ನೀರು ಹುಯ್ತಿದ್ದ. ನೀರು ಮೈಮೇಲೆಲ್ಲ ಹರೀತಿತ್ತು.

"ಏನೋ ಮಾಡ್ದೆ, ಮನೆಹಾಳ!"

"ನೀನೇ ಹೇಳಿದ್ಯಲ್ಲ ಮಾವ! ಒಳಗೆ ಮನುಷ್ಯ ಇದ್ರೆ ಮೊದಲು ತಲೆ ತೆಗೀಬೇಕು, ಆಮೇಲೆ ನೀರು ಕುಡಿಸಬೇಕು. ಒಳಗೆ ಅಪ್ಪ ಅವ್ರೆ ಅಂತ ಅಮ್ಮ ಅಂದ್ಲು. ನಾಲ್ಕು ವರ್ಷದಿಂದ ಒಳಗೇ ಅವ್ರೆ ಮಾವ! ಎಷ್ಟು ಬಾಯಾರಿರಬೇಡ!" ಅಂದು ಇನ್ನಷ್ಟು ನೀರು ಹುಯ್ದ. "ಯಾಕೋ ಕುಡೀತಾನೇ ಇಲ್ಲ."

ನನ್ನ ನಾಲಿಗೆ ಸೇದಿ ಹೋಗಬಾರದಿತ್ತಾ ಅವತ್ತು!

ಆಟೋ ಬಂತು. ಕಾಳಮ್ಮ ಇಳಿದ್ಲು, ನೋಡಿದ್ಲು. ಕೂಗಲಿಲ್ಲ, ಹಣೆ ಚಚ್ಕೊಳಲಿಲ್ಲ. ಕೆಳಗೆ ಕೂತು ಚೂರುಗಳನ್ನ ಮಡಿಲಿಗೆ ಹಾಕ್ಕೊಂಡು, ಒಂದೊಂದನ್ನೇ ತಿರುಗಿಸಿ ಹೆಬ್ಬೆರಳು ಇಟ್ಟು ನೋಡಿದ್ಲು. ಯಾವುದಕ್ಕೂ ಬೆರಳು ಕೂರಲಿಲ್ಲ.

"ಅಮ್ಮಾ, ಬೈಯಮ್ಮಾ" ಅಂದ ಪುಟ್ಟಾಚಾರಿ.

ಅವಳು ಇನ್ನೊಂದು ಚೂರು ಎತ್ಕೊಂಡು ತಿರುಗಿಸಿದ್ಲು.

"ಇನ್ನೊಂದ್ಸಲ ಹೆಂಗೆ ಮಾಡ್ಲಿ? ಹೇಳಮ್ಮಾ, ಹಂಗೇ ಮಾಡ್ತೀನಿ."

"ಇನ್ನೊಂದ್ಸಲ ಎಲ್ಲೈತೆ ಮಗಾ."

ನನ್ನ ಕಡೆ ತಿರುಗಿದ. "ಮಾವ, ನೀನಾದ್ರೂ ಹೇಳು." ನಾನು ತಲೆ ತಗ್ಗಿಸಿ ನಿಂತೆ. ಮತ್ತೆ ಬುದ್ಧಿ ಹೇಳೋ ಧೈರ್ಯ ಎಲ್ಲಿಂದ ಬರ್ಬೇಕು? ಹುಟ್ಟಿದಾಗಿಂದ ಮೊದಲನೇ ಸಲ ಪುಟ್ಟಾಚಾರಿ ತಾನೇ ಯೋಚ್ನೆ ಮಾಡ್ದ.

ಪ್ಯಾಟೆ ತುಂಬ ಇಡೋಕೆ ಅಂತ ಬಂದಿದ್ದ ದೊರೆ ತಲೆಗಳು ಗೇಟಿನ ಹತ್ರ ರಾಶಿ ಬಿದ್ದಿದ್ವು. ಒಂದನ್ನ ಎತ್ಕೊಂಡು ಓಡಿ ಬಂದ. ಅಜ್ಜಿ ಇರುವೆ ಕತ್ತಿನ ಮೇಲೆ ಕೂರಿಸಿದ, ತಂತಿ ಸುತ್ತಿದ.

"ನೋಡಮ್ಮಾ! ಅಪ್ಪಂಗೆ ತಲೆ ಬಂತು!"

ಕೆಳಗೆ ಮುದ್ದಾಚಾರಿ ತಿದ್ದಿದ ಸೀರೆ ನೆರಿಗೆ, ಸೊಂಟದಲ್ಲಿ ಎಲೆಅಡಿಕೆ ಚೀಲ, ಆರು ಕಾಲು. ಮೇಲೆ ಕಪ್ಪು ಕನ್ನಡಕ, ಹುರಿ ಮೀಸೆ. ಆಟೋದೋನು ಕಿಸಕ್ಕಂತ ನಕ್ಕ. ಗೇಟಿನ ಆಚೆ ಬುಲ್ಡೋಜರ್ ಸದ್ದು ಕೇಳಿಸ್ತು. ಕಾಳಮ್ಮ ಮಗನ ಮುಖ ನೋಡಿದ್ಲು, ಆ ಬೊಂಬೆ ಮುಖ ನೋಡಿದ್ಲು, ಸೆರಗಲ್ಲಿ ಮೂಗು ಒರೆಸ್ಕೊಂಡ್ಲು.

"ಹತ್ತಿಸೋ ಮಗಾ, ಹೊತ್ತಾಗ್ತೈತೆ" ಅಂದ್ಲು.

ಈಗ ಅದು ಅವರ ಅಂಗಳದಲ್ಲೈತೆ. ನಾನು ಆ ಬೀದೀಲಿ ಹೋಗೋದು ಕಮ್ಮಿ. ಬೀದಿ ಮಕ್ಕಳೆಲ್ಲ ಬರ್ತವೆ. "ಅಣ್ಣಾ, ಇದು ಡೈನಮೋ ದೊರೆ ಅಲ್ವಾ?" ಅಂತವೆ. "ಅಲ್ಲ, ನಮ್ಮಪ್ಪ" ಅಂತಾನೆ ಪುಟ್ಟಾಚಾರಿ. ಬಿಸಿಲು ನೆತ್ತಿಗೆ ಬಂದಾಗ ತಂತಿ ಬಿಚ್ಚಿ ದೊರೆ ತಲೇನ ಕೆಳಗಿಳಿಸ್ತಾನೆ, ಒಂದು ಚೆಂಬು ನೀರು ಹುಯ್ತಾನೆ, ತಲೇನ ಮತ್ತೆ ಕಟ್ತಾನೆ. ನೀರು ಸೇದಿ ಕೊಡೋಳು ಕಾಳಮ್ಮ.