ಸೋಸದೆ ಇಳಿದ ಬೇವಿನ ಕಷಾಯ

ಹುಳುಕು ಹಿಡಿದ ದವಡೆ ಹಲ್ಲೊಂದರ ಬೇರಿನೊಳಗೆ ಕ್ರಿಮಿಗಳು ಮನೆ ಮಾಡಿದ್ದವು. ಅವು ಇಂದು ಸಾಯದಿದ್ದರೆ ಹಲ್ಲು ಕೀಳುವುದೇ ಗತಿ ಎಂದು ಡಾಕ್ಟರು ಹೇಳಿಯಾಗಿತ್ತು. ಬೇರು ತೊಳೆಯಲು ಬೇವಿನ ಕಷಾಯ ಸಿದ್ಧವಾಯಿತು.

“ನನ್ನ ಮೂಲಕ ಹಾದು ಹೋಗಿ,” ಎಂದಿತು ಸೋಸುವ ಬಟ್ಟೆ. “ಬೇರಿನ ದಾರಿ ಬಹಳ ಕಿರಿದು.”

“ನನ್ನನ್ನು ಸೋಸುವುದೇ? ನಾನೇನು ಕಾರ್ಖಾನೆಯ ಔಷಧಿಯೇ? ಮರದಿಂದ ಬಂದವನು. ನನ್ನಲ್ಲಿ ಕಸ ಎಲ್ಲಿಂದ ಬರಬೇಕು? ದಾರಿ ಬಿಡು!” ಎಂದು ಕಷಾಯ ಗದರಿತು.

ಬಟ್ಟೆ ಹೆದರಿ ಒಂದು ಅಂಚನ್ನು ಸಡಿಲಿಸಿತು. ಕಷಾಯ ಸೋಸದೆಯೇ ಸಿರಿಂಜು ಸೇರಿ ಬೇರಿಗೆ ಇಳಿಯಿತು.

“ಬೇಗ, ಬೇಗ!” ಎಂದು ಹಲ್ಲು ನಡುಗಿತು.

ಕಷಾಯ ತಾಗಿದಲ್ಲೆಲ್ಲ ಕ್ರಿಮಿಗಳು ಸತ್ತುಬಿದ್ದವು. ಆದರೆ ಬೇರಿನ ತುದಿಯ ತಿರುವಿನಲ್ಲಿ ಎಲೆಯ ನಾರೊಂದು ಅಡ್ಡ ಸಿಕ್ಕಿಕೊಂಡಿತು. ಕಷಾಯ ತಳ್ಳಿತು, ನಾರು ಕದಲಲಿಲ್ಲ.

“ಯಾರದಿದು, ಈ ನಾರು?” ಎಂದು ಕಷಾಯ ಕೂಗಿತು.

“ನಿಮ್ಮದೇ, ಸ್ವಾಮಿ,” ಎಂದಿತು ನಾರಿನ ಹಿಂದೆ ಅಡಗಿದ್ದ ಕೊನೆಯ ಕ್ರಿಮಿ. “ಇಷ್ಟು ಗಟ್ಟಿ ಬಾಗಿಲನ್ನು ನನಗೆ ಇನ್ಯಾರು ಕೊಡುತ್ತಿದ್ದರು?”

ಹೊರಗೆ ಡಾಕ್ಟರು ತಟ್ಟೆಯಿಂದ ಇಕ್ಕಳ ಎತ್ತಿಕೊಂಡ ಸದ್ದು ಹಲ್ಲಿಗೆ ಕೇಳಿಸಿತು.