ಕಾಡಿನ ಶಾಲೆಯೂ ಕರಿಗೇರಿನ ಕೋಲೂ

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಹೊಂಗೆಪುರ ಅನ್ನೋ ಒಂದು ರಾಜ್ಯದಲ್ಲಿ ಗೋಡೆಯೇ ಇಲ್ಲದ ಶಾಲೆಯೊಂದಿತ್ತು. ಊರಾಚೆಯ ಕಾಡೇ ಶಾಲೆ, ಬೊಮ್ಮಕ್ಕನೇ ಗುರು. ಅವಳ ಮಕ್ಕಳು ಮರ ಎಣಿಸಿ ಲೆಕ್ಕ ಕಲಿತರು, ಮರಳಲ್ಲಿ ಅಕ್ಷರ ತಿದ್ದಿದರು. ಅವರಲ್ಲಿ ಎಂಟು ವರ್ಷದ ತಿಮ್ಮಿಗಂತೂ ಕಾಡೆಂದರೆ ಪ್ರಾಣ. ಬೆಳಗಾದರೆ ಸಾಕು, ಮುದ್ದೆ ನುಂಗಿದಳೋ ಇಲ್ಲವೋ, ಓಡಿದಳೇ!

ಮಂತ್ರಿ ಜಟ್ಟಪ್ಪನಿಗೂ ಆ ಕಾಡಿನ ಮೇಲೆ ಕಣ್ಣು. ಅವನ ಹೊಸ ಮನೆಗೆ ತೊಲೆ ಬೇಕಿತ್ತಲ್ಲ! ರಾಜನ ಕಿವಿಯಲ್ಲಿ ಊದಿದ: "ಪ್ರಭು, ಆ ಮಕ್ಕಳು ಅಲ್ಲಿ ಕೋತಿಗಳ ಹಾಗೆ ಕುಣಿಯುತ್ತವೆ, ಏನೂ ಕಲಿಯೋದಿಲ್ಲ. ಕಾಡು ಕಡಿಸಿಬಿಡೋಣ."

"ಪರೀಕ್ಷೆ ಮಾಡೋಣ," ಅಂದ ರಾಜ. "ಮೂರು ದಿನ, ಮೂರು ಮರ. ಯಾವ ಮರ ಅಂತ ಒಂದು ಮಗು ಹೇಳಲಿ. ಮೂರೂ ಸರಿಯಾದರೆ ಕಾಡು ಮಕ್ಕಳದು. ಒಂದು ತಪ್ಪಿದರೂ ನಿನ್ನ ಕೊಡಲಿ ಬೀಳಲಿ."

ಮಕ್ಕಳೆಲ್ಲ ಸೇರಿ ತಿಮ್ಮಿಯನ್ನೇ ಮುಂದೆ ತಳ್ಳಿದರು.

ಮೊದಲ ದಿನ ಮಂತ್ರಿ ಒಣಗಿ ಪುಡಿಯಾದ ಎಲೆ ತಂದ. ತಿಮ್ಮಿ ಮೂಸಿದಳು. "ಬಿಲ್ವಪತ್ರೆ!" ಅರಮನೆಯ ವೈದ್ಯ ಹೌದೆಂದು ತಲೆಯಾಡಿಸಿದ. ಎರಡನೇ ದಿನ ಹಸಿ ತೊಗಟೆ ತಂದ. ತಿಮ್ಮಿ ಉಗುರಲ್ಲಿ ಕೆರೆದಳು, ಕೆಂಪು ರಸ ಜಿನುಗಿತು. "ಹೊನ್ನೆ!" ವೈದ್ಯ ಮತ್ತೆ ತಲೆಯಾಡಿಸಿದ.

ಮಂತ್ರಿಗೆ ಹೊಟ್ಟೆ ಉರಿಯಿತು. ಆಳುಗಳನ್ನೂ ನಂಬದೆ ತಾನೇ ಕಾಡಿಗೆ ಹೋದ. ಕಣ್ಣಿಗೆ ಬಿದ್ದ ಮರದಿಂದ ಕೋಲು ಕಡಿದ. ಅದರ ಎಲೆ, ಕಾಯಿ ಎಲ್ಲ ಕಿತ್ತೆಸೆದ. ಮಾವಿನೆಲೆ ತಂದು ನಾರಿನಿಂದ ಅದಕ್ಕೆ ಕಟ್ಟಿದ. ಎಂಥ ಜಾಣ ನೋಡಿ!

ಮೂರನೇ ದಿನ ಸಭೆ ಕಿಕ್ಕಿರಿದಿತ್ತು. ತಿಮ್ಮಿ ಕೋಲಿಗೆ ಕೈ ಚಾಚಿದಳು. ಕಡಿದ ತುದಿ ಕಂಡಿತು, ಕಪ್ಪಗೆ ರಸ ಮೆತ್ತಿತ್ತು. ಚಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಹೆದರಿದಳು! ಸೋತಳು!" ಅಂತ ಮಂತ್ರಿ ಕೂಗಿದ, ಶಾಲಿನೊಳಗೆ ಕೈ ಮುಚ್ಚಿಕೊಂಡೇ.

"ಸೋತಿಲ್ಲ ಬುದ್ಧೀ! ಎಲೆ ಮಾವಿಂದು, ಕೋಲು ಕರಿಗೇರಿಂದು. ಯಾರೋ ಬೇಕಂತ ಕಟ್ಟವ್ರೆ!"

"ಸುಳ್ಳು! ಕಾಡಿನಿಂದ ಹೀಗೇ ಬಂತು. ನಾನಂತೂ ಆ ಕಡೆ ಕಾಲೇ ಇಟ್ಟಿಲ್ಲ!"

ಬರೀ ಕೋಲು ನೋಡಿ ಮರ ಯಾವುದೆಂದು ಹೇಳಲು ವೈದ್ಯನಿಗೂ ಆಗಲಿಲ್ಲ, ಯಾರನ್ನು ನಂಬುವುದೋ ರಾಜನಿಗೆ ತಿಳಿಯಲಿಲ್ಲ. ಆದರೆ ತಿಮ್ಮಿ ನೋಡೇಬಿಟ್ಟಳು. ಶಾಲಿನೊಳಗೆ ಮಂತ್ರಿ ಪರಪರ ಕೆರೆದುಕೊಳ್ಳುತ್ತಿದ್ದ! ಖುಷಿ ತಡೆಯಲಾಗದೆ ಅವಳು ನಿಂತಲ್ಲೇ ಜಿಗಿದಳು.

"ಬುದ್ಧೀ, ಈ ಕರಿಗೇರು ಕಾಯಿ ರಸದಲ್ಲೇ ಅಗಸರು ಬಟ್ಟೆಗೆ ಗುರುತು ಹಾಕೋದು. ಎಷ್ಟು ಉಜ್ಜಿದ್ರೂ ಹೋಗಾಕಿಲ್ಲ. ಮುಟ್ಟಿದ ಕೈ ಬೊಬ್ಬೆ ಏಳ್ತದೆ. ಮಂತ್ರಿಗಳು ಒಸಿ ಕೈ ತೋರಿಸ್ಲಿ!"

ರಾಜ ಶಾಲು ತೆಗೆಸಿದ. ಅಂಗೈಯೆಲ್ಲ ಕಪ್ಪು, ಬೆರಳು ಒಂದೊಂದೂ ಬದನೆಕಾಯಿ! ಸಭೆ ಬಿದ್ದು ಬಿದ್ದು ನಕ್ಕಿತು.

"ಕಾಡು ಮಕ್ಕಳದೇ," ಅಂದ ರಾಜ. "ಜಟ್ಟಪ್ಪ, ನೀನು ಒಂದು ವರ್ಷ ಅವರ ಜೊತೆ ಕೂತು ಕಲಿ."

ಮರುದಿನ ತಿಮ್ಮಿ ಓಡಿ ಬಂದಾಗ ಮಂತ್ರಿ ಆಗಲೇ ನೆಲದ ಮೇಲೆ ಕೂತಿದ್ದ. ಬೊಮ್ಮಕ್ಕ ಅವನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ತಿಮ್ಮಿ ಎದುರಿಗೆ ಕೂತು ಗಂಭೀರವಾಗಿ ಹೇಳಿದಳು: "ಮಂತ್ರಿಗಳೇ, ಇಲ್ಲಿ ಮೊದಲನೇ ಪಾಠ, ಯಾವುದನ್ನ ಮುಟ್ಟಬಾರದು ಅಂತ."

ಅದಕ್ಕೇ ಮಕ್ಕಳೇ, ಗೊತ್ತಿಲ್ಲದ್ದನ್ನು ಹೀಗಳೆಯಬೇಡಿ, ಗೆಲ್ಲಲು ಮೋಸ ಮಾಡಬೇಡಿ. ಕಾಡು ಎಲ್ಲರಿಗೂ ಪಾಠ ಹೇಳುತ್ತದೆ, ಮೋಸಗಾರನಿಗೆ ಮಾತ್ರ ಅದು ಸ್ವಲ್ಪ ಕೆರೆಯುತ್ತದೆ.