ಅತ್ತರು ಬೆರೆಯದ ಗುಲಾಬಿ ನೀರು

“ಅರಳಗುಂದದ ಪ್ರಜೆಗಳೇ ಕೇಳಿ! ರಾಜಕುಮಾರಿ ಚಂಪಲಾದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ. ತಪ್ಪಿದವನ ತಲೆ ಹುಣ್ಣಿಮೆಯ ದಿನ ಉರುಳುವುದು!”

ಈ ಡಂಗುರ ಕೇಳಿ ಬುದ್ಧಿವಂತರೆಲ್ಲ ಮನೆಯಲ್ಲೇ ಉಳಿದರು. ಅರಮನೆಗೆ ಬಂದವರು ಮಿಕ್ಕವರು.

ಬೊಮ್ಮಲಿಂಗನಿಗೆ ಡಂಗುರವೇ ಕೇಳಿಸಿರಲಿಲ್ಲ. ಊರಾಚೆ ಭಟ್ಟಿ ಹೂಡಿ ಗುಲಾಬಿ ನೀರು ಇಳಿಸುವುದು ಅವನ ಕಸುಬು. ಆ ದಿನ ಒಂದು ಗಡಿಗೆ ನೀರು ಹೊತ್ತು ಮಾರಲು ಬಂದಿದ್ದ.

“ಉತ್ತರ ಹೇಳೋಕೆ ಬಂದೆಯೇನೋ?” ಎಂದ ಬಾಗಿಲ ಕಾವಲಿನವನು.

“ಕೇಳಿದರೆ ಹೇಳ್ತೀನಿ ಸ್ವಾಮಿ.” ಕೊಳ್ಳುವವರು ನೂರೆಂಟು ಕೇಳುತ್ತಾರೆ. ಅದು ಅವನಿಗೆ ರೂಢಿ.

ಕಾವಲಿನವನು ಗಡಿಗೆ ಕಿತ್ತಿಟ್ಟುಕೊಂಡು, ಅವನನ್ನು ರಾಜಸಭೆಯಲ್ಲಿ ಇಬ್ಬರು ರಾಜಕುಮಾರರ ಹಿಂದೆ ನಿಲ್ಲಿಸಿದ. ಅವರ ಕೈಯಲ್ಲಿ ಮಾರುವ ಸರಕೇನೂ ಇರಲಿಲ್ಲ. ಬೊಮ್ಮಲಿಂಗನಿಗೆ ತಲೆಬುಡ ತಿಳಿಯಲಿಲ್ಲ.

ಪರದೆಯ ಹಿಂದಿನಿಂದ ರಾಜಕುಮಾರಿ ಕೇಳಿದಳು: “ಸಾವಿರ ಜನ ಒಂದೇ ಹಂಡೆಯಲ್ಲಿ ಬೇಯುತ್ತಾರೆ. ಬೆಂದವರ ಕಣ್ಣೀರು ಮಾತ್ರ ತಣ್ಣಗಿರುತ್ತದೆ. ಯಾರವರು?”

“ನನ್ನ ಕೈಯಲ್ಲಿ ಸೋತ ವೈರಿಗಳು!” ಎಂದ ಮೊದಲನೆಯವನು. ಅವನನ್ನು ಸೆರೆಗೆ ಎಳೆದೊಯ್ದರು.

ಎರಡನೆಯವನು ಬಹಳ ಹೊತ್ತು ಯೋಚಿಸಿದ. “ಕುದುರೆಗಳು?” ಎಂದ. ಅವನೂ ಹೋದ.

ಇಷ್ಟು ಸುಲಭದ್ದನ್ನು ಯಾಕೆ ಹೇಳಲಿಲ್ಲವೋ ಎಂದು ಬೊಮ್ಮಲಿಂಗ ಗಲಿಬಿಲಿಗೊಂಡ. “ಗುಲಾಬಿ ಎಸಳು, ಅಮ್ಮಣ್ಣಿ. ಹಂಡೆಯಲ್ಲಿ ಬೇಯಿಸಿದರೆ ಆವಿ ಕೊಳವೆಯಲ್ಲಿ ತಣಿದು ನೀರಾಗಿ ತೊಟ್ಟಿಕ್ಕುತ್ತೆ.”

ಸಭೆ ಎದ್ದು ಕೂತಿತು. ರಾಜಕುಮಾರಿ ಎರಡನೆಯ ಒಗಟು ಹೇಳಿದಳು:

“ಸುತ್ತ ಈಟಿ ಹಿಡಿದ ಕಾವಲಿದೆ. ಆದರೂ ದಿನವೂ ಕಳವು. ಕಳ್ಳ ಆಕಾಶದಿಂದ ಬರುತ್ತಾನೆ. ಏನು ಕದಿಯುತ್ತಾನೆ?”

“ಹೂವಿನ ಕಂಪು. ಮುಳ್ಳಿದ್ದರೇನು, ಬಿಸಿಲು ಬಿಡುತ್ತಾ? ಅದಕ್ಕೇ ಹೊತ್ತು ಮೂಡುವ ಮುಂಚೆ ಕೊಯ್ಯೋದು.”

ಪಕ್ಕದ ಭಟ ಪಿಸುಗುಟ್ಟಿದ: “ಹುಷಾರು ಕಣೋ. ಮೂರನೆಯದು ತಪ್ಪಿದರೆ ನಿನ್ನ ತಲೆ ತೆಗೀತಾರೆ.”

“ಯಾಕೆ? ನೀರು ಕೆಟ್ಟಿದೆಯಾ?”

ಭಟ ಡಂಗುರದ ವಿಷಯ ಹೇಳಿದ. ಬೊಮ್ಮಲಿಂಗ ಬಾಗಿಲ ಕಡೆ ಹೊರಳಿದ. ಅಷ್ಟರಲ್ಲಿ ಮೂರನೆಯ ಒಗಟು ಬಂತು. ಈ ಸಲ ರಾಜಕುಮಾರಿಯ ದನಿ ನಡುಗುತ್ತಿತ್ತು.

“ಒಂದು ಬೆಂಕಿ. ಆರಿಸಲು ಸುರಿದಷ್ಟೂ ಉರಿಯುತ್ತದೆ. ಎಲ್ಲಿದೆ ಅದು? ಯಾಕೆ ಆರುವುದಿಲ್ಲ?”

ಗಾಳಿಗೆ ಪರದೆ ಅಲುಗಿತು. ಆಚೆಯಿಂದ ಅತ್ತರಿನ ಗಾಢ ವಾಸನೆ ಮೂಗಿಗೆ ರಾಚಿತು. ಬೊಮ್ಮಲಿಂಗನಿಗೆ ಭಟ್ಟಿಯ ಹೊಸಬರ ಉರಿಯುವ ಕೆನ್ನೆ ನೆನಪಾಯಿತು.

“ನಿಮ್ಮ ಮುಖದಲ್ಲಾ, ಅಮ್ಮಣ್ಣಿ?”

ಭಟರು ಕತ್ತಿ ಹಿರಿದರು. ರಾಜಕುಮಾರಿ ಪರದೆ ಸರಿಸಿದಳು. ಮುಖ ಕೆಂಪೇರಿ, ಹೊಪ್ಪಳೆ ಎದ್ದು, ಕೆನ್ನೆ ಒಡೆದಿತ್ತು.

“ಯಾಕೆ ಆರುವುದಿಲ್ಲ, ಹೇಳು. ಇದಕ್ಕೆ ನನಗೂ ಉತ್ತರ ಗೊತ್ತಿಲ್ಲ.”

“ಏನು ಹಚ್ಚುತ್ತೀರಿ?”

“ಗುಲಾಬಿ ನೀರು.”

“ಗುಲಾಬಿ ನೀರಿಗೆ ಇಷ್ಟು ವಾಸನೆ ಇರೋಲ್ಲ.”

ಆಸ್ಥಾನ ವೈದ್ಯ ತ್ರಿಯಂಬಕ ಪಂಡಿತ ಎದ್ದು ನಿಂತ. “ಬಡವರ ಮನೆಯ ಸಪ್ಪೆ ನೀರನ್ನು ಅರಮನೆಗೆ ಕೊಡಲೇನಯ್ಯ? ಅತ್ತರು ಬೆರೆಸಿದ್ದೇನೆ. ಉರಿ ಹೆಚ್ಚಿದಾಗ ಇನ್ನಷ್ಟು ಬೆರೆಸಿದ್ದೇನೆ. ನಿಂಬೆರಸವನ್ನೂ!”

“ಭಟ್ಟಿಗೆ ಹೊಸದಾಗಿ ಬಂದವರು ಅತ್ತರು ಬಳಿದುಕೊಂಡು ಹೀಗೇ ಕೆಂಪಾಗ್ತಾರೆ, ಅಮ್ಮಣ್ಣಿ. ಎಲ್ಲ ತೊಳೆದು, ಬರೀ ಗುಲಾಬಿ ನೀರಲ್ಲಿ ಬಟ್ಟೆ ಅದ್ದಿ ಇಡ್ತೀವಿ. ಬೇರೇನೂ ಹಚ್ಚೋಲ್ಲ.”

ಉತ್ತರ ಸರಿಯೋ ತಪ್ಪೋ ಮುಖವೇ ಹೇಳಲಿ ಎಂದ ರಾಜ. ಹುಣ್ಣಿಮೆಗೆ ಏಳು ದಿನವಿತ್ತು. ಗಡಿಗೆ ಅಂತಃಪುರಕ್ಕೆ ಹೋಯಿತು, ಬೊಮ್ಮಲಿಂಗ ಸೆರೆಗೆ. ಅಲ್ಲಿ ಇಬ್ಬರು ರಾಜಕುಮಾರರು ಅವನಿಂದ ಮೊದಲ ಒಗಟಿನ ಉತ್ತರ ಹೇಳಿಸಿಕೊಂಡರು. ಎರಡನೆಯವನಿಗೆ ಮೂರು ಸಲ ಹೇಳಬೇಕಾಯಿತು.

“ಎಸಳು ಹೇಗೆ ಅಳುತ್ತೆ?” ಎಂದ ಅವನು ಕೊನೆಗೂ.

ಹುಣ್ಣಿಮೆಯ ಬೆಳಿಗ್ಗೆ ರಾಜಕುಮಾರಿ ಸೆರೆಯ ಬಾಗಿಲಿಗೆ ಬಂದಳು. ಗುಲಾಬಿ ನೀರು ಅವಳನ್ನು ಅಪ್ಸರೆಯನ್ನಾಗಿ ಮಾಡಿರಲಿಲ್ಲ. ಮೂಗು ಮೊದಲಿನಷ್ಟೇ ಮೊಂಡಾಗಿತ್ತು. ಆದರೆ ಹೊಪ್ಪಳೆ ಉದುರಿ, ಕೆಂಪಿಳಿದು, ಚರ್ಮ ತಣ್ಣಗಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಅವಳು ಕಣ್ತುಂಬ ನಿದ್ದೆ ಮಾಡಿದ್ದಳು.

“ಉತ್ತರ ಸರಿ,” ಎಂದಳು. “ಇನ್ನು ಮದುವೆ.”

ಬೊಮ್ಮಲಿಂಗ ತಲೆ ಮುಟ್ಟಿ ನೋಡಿಕೊಂಡ. “ಭಟ್ಟಿ ಬಿಟ್ಟು ನನಗೆ ಬೇರೆ ಬದುಕು ಗೊತ್ತಿಲ್ಲ. ಕೋಳಿ ಕೂಗುವ ಮುಂಚೆ ಏಳಬೇಕಾಗುತ್ತೆ, ಅಮ್ಮಣ್ಣಿ. ಮುಳ್ಳು ಬೇರೆ.”

“ಏಳುತ್ತೇನೆ. ಅರಮನೆಯ ಗುಲಾಬಿ ತೋಟ ನಿನ್ನದು. ಕೊಯ್ಯಲು ಆಳು ಬೇಕಲ್ಲ?” ಅವಳು ಇಬ್ಬರು ರಾಜಕುಮಾರರ ಕಡೆ ತಿರುಗಿದಳು. “ಇವರನ್ನು ಇಟ್ಟುಕೋ. ತಲೆ ತೆಗೆದರೆ ಹೂ ಕೀಳೋದು ಕಷ್ಟ.”

ಮದುವೆಯಾದ ಮೂರನೆಯ ದಿನ ನಾಲ್ವರೂ ಕತ್ತಲಲ್ಲೇ ಹೂ ಕೊಯ್ದರು. ಭಟ್ಟಿ ಹೊತ್ತಿಕೊಂಡಿತು. ಕೊಳವೆಯ ತುದಿಯಲ್ಲಿ ಮೊದಲ ಹನಿ ತೂಗಿತು. ಎರಡನೆಯ ರಾಜಕುಮಾರ ಮುಳ್ಳು ತರಚಿದ ಬೆರಳು ಚಾಚಿ ಹಿಡಿದ. ತಣ್ಣಗಿತ್ತು.

“ಓಹೋ!” ಎಂದ. “ಕುದುರೆ ಅಲ್ಲ!”